ಬಿಡದಿಯಲ್ಲಿ ಹೈಬ್ರಿಡ್ ಕಾರು ಹೆಚ್ಚಿದರೆ ದುಡ್ಡು ಯಾರ ಲೆಕ್ಕಕ್ಕೆ?

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಬಿಡದಿಯ ಟೊಯೊಟಾ ಕಾರ್ಖಾನೆ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಕಾರು ಹೆಚ್ಚಿಸಲು ಮೂರನೇ ಘಟಕ ಕಟ್ಟುತ್ತಿದೆ, ಅಮೆರಿಕದಲ್ಲೂ ಅದೇ ಕಂಪನಿ ಹೈಬ್ರಿಡ್‌ಗೆ ದುಡ್ಡು ಸುರಿಯುತ್ತಿದೆ ಎಂದು ಓದಿದೆ. ಹೂಡಿಕೆ ಬಲ್ಲವರಲ್ಲಿ ಕೆಲವರು ‘ಇನ್ನು ಹತ್ತು ವರ್ಷ ಹೈಬ್ರಿಡ್‌ದೇ ಕಾಲ, ಈಗಲೇ ಕೊಳ್ಳಿ’ ಅನ್ನುತ್ತಾರೆ. ಕೆಲವರು ‘ಎಲೆಕ್ಟ್ರಿಕ್ ಬಂದ ಮೇಲೆ ಇದೆಲ್ಲ ಗುಜರಿಗೆ’ ಅನ್ನುತ್ತಾರೆ. ನನ್ನ ಹತ್ತಿರ 3 ಲಕ್ಷ ರೂಪಾಯಿ ಇದೆ, ಐದಾರು ವರ್ಷ ಬೇಕಾಗುವುದಿಲ್ಲ. ಯಾವ ಷೇರು ಕೊಳ್ಳಲಿ, ಯಾರ ಮಾತು ನಂಬಲಿ? ಮಗ ಮೊಬೈಲ್ ಆ್ಯಪ್‌ನಲ್ಲೇ ಅಮೆರಿಕದ ಪೇಟೆಯಿಂದ ಟೊಯೊಟಾ ಷೇರು ಕೊಳ್ಳಬಹುದು ಅನ್ನುತ್ತಾನೆ. ಅದು ಸರಿಯೇ?

ಉತ್ತರ: ಮೇಷ್ಟ್ರೇ, ಬಿಡದಿಯ ಕಾರ್ಖಾನೆ ನಡೆಸುವ ಟೊಯೊಟಾ ಕಿರ್ಲೋಸ್ಕರ್ ಮೋಟರ್ ನಮ್ಮ ಷೇರುಪೇಟೆಯಲ್ಲಿ ಇಲ್ಲ. ಅದರ ಶೇ 89 ಪಾಲು ಜಪಾನಿನ ಟೊಯೊಟಾ ಮೋಟರ್ ಕಾರ್ಪೊರೇಷನ್ನಿನದು, ಉಳಿದ ಶೇ 11 ಕಿರ್ಲೋಸ್ಕರ್ ಸಿಸ್ಟಮ್ಸ್‌ನದು. ಈ ಎರಡನೆಯದೂ ಪೇಟೆಯಲ್ಲಿಲ್ಲದ ಖಾಸಗಿ ಕಂಪನಿ. ಇಲ್ಲಿ ಬಹಳ ಜನ ಎಡವುತ್ತಾರೆ. ಪೇಟೆಯಲ್ಲಿ ‘ಕಿರ್ಲೋಸ್ಕರ್’ ಎಂದು ಹುಡುಕಿದರೆ ಕಿರ್ಲೋಸ್ಕರ್ ಬ್ರದರ್ಸ್, ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಕಿರ್ಲೋಸ್ಕರ್ ಫೆರಸ್, ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಎಲ್ಲ ಸಿಗುತ್ತವೆ. ಪಂಪು, ಡೀಸೆಲ್ ಎಂಜಿನ್ನು, ಬೀಡುಕಬ್ಬಿಣ, ಕೈಗಾರಿಕಾ ಮೋಟರು ಅವುಗಳ ವ್ಯಾಪಾರ. ಬಿಡದಿಯಲ್ಲಿ ಒಂದು ಲಕ್ಷ ಕಾರು ಹೆಚ್ಚಿಗೆ ತಯಾರಾದರೂ ಆ ಕಾರ್ಖಾನೆಯ ಲಾಭದ ಪಾಲು ಇವುಗಳ ಲೆಕ್ಕಪುಸ್ತಕಕ್ಕೆ ಬರುವುದಿಲ್ಲ. ಹೆಸರು ನೋಡಿ ಷೇರು ಕೊಳ್ಳಬೇಡಿ.

ಹಾಗಾದರೆ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು: ಒಂದು ಹೈಬ್ರಿಡ್ ಕಾರು ಮಾರಾಟವಾದಾಗ ಅದರ ಲಾಭ ಯಾವ ಯಾವ ಕೈಗೆ ಹಂಚಿಹೋಗುತ್ತದೆ, ಅದರಲ್ಲಿ ನಿಮಗೆ ಕೊಳ್ಳಲು ಸಿಗುವ ಕೈ ಯಾವುದು? ಹೂಡಿಕೆದಾರರ ಅಭಿಪ್ರಾಯಗಳನ್ನೂ ಇದೇ ಪ್ರಶ್ನೆಯಿಂದ ಜರಡಿ ಹಿಡಿಯಬಹುದು. ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡದ ಅಭಿಪ್ರಾಯವನ್ನು, ಅದು ಪರವಾಗಿರಲಿ ವಿರೋಧವಾಗಿರಲಿ, ಪಕ್ಕಕ್ಕಿಡಿ.

ಸಾಮರ್ಥ್ಯದ ಲೆಕ್ಕದಿಂದ ಶುರುಮಾಡೋಣ, ಏಕೆಂದರೆ ಸುದ್ದಿಯಾಗುವುದು ಅದೇ. 2023ರ ನವೆಂಬರ್‌ನಲ್ಲಿ ಟೊಯೊಟಾ ಘೋಷಿಸಿದ್ದು ಬಿಡದಿಯ ಮೂರನೇ ಘಟಕಕ್ಕೆ ಸುಮಾರು 3,300 ಕೋಟಿ ರೂಪಾಯಿ, ವರ್ಷಕ್ಕೆ 1 ಲಕ್ಷ ಕಾರಿನ ಹೆಚ್ಚುವರಿ ಸಾಮರ್ಥ್ಯ, ಸುಮಾರು 2,000 ಉದ್ಯೋಗ. ಆಗ ಇದ್ದ ಎರಡು ಘಟಕಗಳ ಸಾಮರ್ಥ್ಯ 3.42 ಲಕ್ಷ. ಹೊಸ ಘಟಕದ ವೆಚ್ಚವನ್ನು 10 ವರ್ಷಕ್ಕೆ ಸವಕಳಿ (ಕಟ್ಟಡ-ಯಂತ್ರ ಸವೆಯುವ ವೆಚ್ಚ) ಎಂದು ಹಂಚಿದರೆ ವರ್ಷಕ್ಕೆ 330 ಕೋಟಿ. ಘಟಕ ತುಂಬಿ ನಡೆದು 1 ಲಕ್ಷ ಕಾರು ಹೊರಬಂದರೆ ಒಂದೊಂದು ಕಾರಿನ ತಲೆಯ ಮೇಲೆ 33,000 ರೂಪಾಯಿ. 70 ಸಾವಿರ ಕಾರಷ್ಟೇ ಬಂದರೆ 47,000. ಅರ್ಧಕ್ಕೆ ಇಳಿದರೆ 66,000. ಕಾರು ಅದೇ, ಕೆಲಸಗಾರರು ಅವರೇ, ಬೆಲೆಯೂ ಅಷ್ಟೇ. ಲಾಭ ಮಾತ್ರ ಕಾರೊಂದಕ್ಕೆ 33,000 ಕರಗಿತು.

ಮಂಡ್ಯದವರಿಗೆ ಇದು ಹೊಸದಲ್ಲ. ಆಲೆಮನೆಯಲ್ಲಿ ಇನ್ನೊಂದು ಕೊಪ್ಪರಿಗೆ ಹೂಡಿದವನಿಗೆ ಕಬ್ಬು ಸಾಲದೆ ಹೋದರೆ ಕೊಪ್ಪರಿಗೆಯ ಸಾಲವೂ ಅವನದೇ, ಒಲೆಗಾರನ ಕೂಲಿಯೂ ಅವನದೇ. ಸಕ್ಕರೆ ಕಾರ್ಖಾನೆಯ ವಿಷಯ ಬಂದಾಗ ದಿನಕ್ಕೆ ಎಷ್ಟು ಟನ್ ಅರೆಯುವ ಗಾತ್ರ ಅಂತ ಒಂದು ಮಾತು ಕೇಳಿ, ಆಮೇಲೆ ಎಷ್ಟು ದಿನ ಅರೆದರು, ಇಳುವರಿ ಎಷ್ಟು ಬಂತು ಅಂತ ಕೇಳುತ್ತೀರಲ್ಲ, ಕಾರು ಕಂಪನಿಗೂ ಅದೇ ಮೂರು ಪ್ರಶ್ನೆ. ಗಾತ್ರ, ಬಳಕೆ, ಇಳುವರಿ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಮೊದಲನೆಯದು ಮಾತ್ರ. ಗಾತ್ರ ಅನ್ನುವುದೂ ಪಾಳಿಯ ಲೆಕ್ಕದ ಮೇಲೆ ನಿಂತ ಮಾತು. ಎರಡು ಪಾಳಿಗೆ 1 ಲಕ್ಷ ಎಂದಿದ್ದರೆ ಮೂರನೇ ಪಾಳಿಯಲ್ಲಿ ಅದು ಹಿಗ್ಗುತ್ತದೆ, ಒಂದೇ ಪಾಳಿಗೆ ಇಳಿಸಿದರೆ ಕುಗ್ಗುತ್ತದೆ.

ಹೈಬ್ರಿಡ್‌ನಲ್ಲಿ ಇನ್ನೊಂದು ತೊಡಕಿದೆ, ಇದನ್ನು ಬಹಳ ವಿಶ್ಲೇಷಕರು ಹಾರಿಸಿಬಿಡುತ್ತಾರೆ. ಜೋಡಣೆ ಸಾಲು ಉದ್ದವಾದ ಮಾತ್ರಕ್ಕೆ ಕಾರು ಹೊರಬರುವುದಿಲ್ಲ. ಪೆಟ್ರೋಲ್ ಕಾರಿನ ಮೇಲೆ ಹೈಬ್ರಿಡ್‌ಗೆ ಹೆಚ್ಚಾಗಿ ಬೇಕಾದದ್ದು ಎಳೆಯುವ ಮೋಟರು, ಜನರೇಟರು, ಇನ್ವರ್ಟರು, ಹೈವೋಲ್ಟೇಜ್ ಬ್ಯಾಟರಿ, ಎಂಜಿನ್ನು ಮತ್ತು ಮೋಟರುಗಳ ಶಕ್ತಿಯನ್ನು ಬೆರೆಸುವ ಪ್ಲಾನೆಟರಿ ಗೇರು. ಇದರಲ್ಲಿ ಒಂದು ತುಂಡು ಬರುವುದು ತಡವಾದರೂ ಸಾಲು ನಿಲ್ಲುತ್ತದೆ. 2023ರ ಏಪ್ರಿಲ್‌ನಲ್ಲಿ ಇನ್ನೋವಾ ಹೈಕ್ರಾಸ್‌ನ ಅತಿ ದುಬಾರಿ ಹೈಬ್ರಿಡ್ ಮಾದರಿಗಳ ಬುಕಿಂಗನ್ನು ಕಂಪನಿಯೇ ತಾತ್ಕಾಲಿಕವಾಗಿ ನಿಲ್ಲಿಸಿತು. ಕಾರಣ ಬಿಡಿಭಾಗಗಳ ಪೂರೈಕೆ. ಕೊಳ್ಳುವವರು ಸಾಲುಗಟ್ಟಿದ್ದಾಗಲೂ ಮಾರಲು ಆಗಲಿಲ್ಲ. ಆದ್ದರಿಂದ ಸಾಮರ್ಥ್ಯ ವಿಸ್ತರಣೆಯ ಸುದ್ದಿ ಓದಿದಾಗ ಕಾರು ಜೋಡಿಸುವ ಘಟಕದ ಜೊತೆಗೆ ಮೋಟರು-ಗೇರು ಮಾಡುವ ಘಟಕವೂ, ಬ್ಯಾಟರಿಯೂ ಅದೇ ವೇಗದಲ್ಲಿ ಬೆಳೆಯುತ್ತಿದೆಯೇ ನೋಡಿ. 2022ರ ಮೇನಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಮತ್ತು ಅದರ ಸೋದರ ಸಂಸ್ಥೆ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಕರ್ನಾಟಕ ಸರ್ಕಾರದೊಂದಿಗೆ 4,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡದ್ದು ವಿದ್ಯುತ್ ಚಾಲನಾ ಭಾಗಗಳನ್ನು ಇಲ್ಲೇ ತಯಾರಿಸುವುದಕ್ಕೆ. ನನ್ನ ಅಭಿಪ್ರಾಯದಲ್ಲಿ ಮೂರನೇ ಘಟಕದ ಸುದ್ದಿಗಿಂತ ಇದು ತೂಕದ ಸುದ್ದಿ.

ಮೋಟರಿನ ಆಯಸ್ಕಾಂತಕ್ಕೆ ಬೇಕಾದ ಅಪರೂಪದ ಲೋಹಗಳ ಮೇಲೆ ಚೀನಾ 2025ರ ಏಪ್ರಿಲ್‌ನಲ್ಲಿ ರಫ್ತು ನಿಯಂತ್ರಣ ಹೇರಿತು. ‘ಅದು ಎಲೆಕ್ಟ್ರಿಕ್ ಕಾರಿನ ತಾಪತ್ರಯ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೈಬ್ರಿಡ್ ಮೋಟರಿನಲ್ಲೂ ಇರುವುದು ಅದೇ ಆಯಸ್ಕಾಂತ.

ಈಗ ನಿಮಗೆ ಕೊಳ್ಳಲು ಸಿಗುವ ಕೈಗಳು. ಭಾರತದಲ್ಲಿ ಹೈಬ್ರಿಡ್ ಎಂದ ಕೂಡಲೇ ಸಲಹೆಗಾರರು ಹೇಳುವ ಹೆಸರು ಮಾರುತಿ ಸುಜುಕಿ. ಅದರ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಮತ್ತು ಇನ್ವಿಕ್ಟೊ ತಯಾರಾಗುವುದು ಹರಿಯಾಣದಲ್ಲಲ್ಲ, ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ಮಾರುತಿ ಅವನ್ನು ಸಿದ್ಧ ಕಾರಾಗಿ ಕೊಂಡು ತನ್ನ ಮಳಿಗೆಯಲ್ಲಿ ಮಾರುತ್ತದೆ. ತಯಾರಿಕೆಯ ಲಾಭ ಟೊಯೊಟಾದ್ದು, ಮಾರಾಟದಲ್ಲಿ ಉಳಿಯುವ ಲಾಭ ಮಾರುತಿಯದು. ವಾರ್ಷಿಕ ವರದಿಯ ಲಾಭ-ನಷ್ಟ ಪಟ್ಟಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ: ತಾನೇ ಬಳಸಿದ ಕಚ್ಚಾವಸ್ತುವಿನ ವೆಚ್ಚ ಒಂದು ಸಾಲು, ಮರುಮಾರಾಟಕ್ಕೆ ಕೊಂಡ ಸರಕಿನ ವೆಚ್ಚ ಇನ್ನೊಂದು ಸಾಲು. ಬಿಡದಿಯ ಕಾರು ಎರಡನೆಯದರಲ್ಲಿ ಬರುತ್ತದೆ. ಒಂದು ಎಚ್ಚರಿಕೆ: ಹಳೆಯ ವರ್ಷಗಳ ಪ್ರತ್ಯೇಕ ಲೆಕ್ಕಪತ್ರದಲ್ಲಿ ಸುಜುಕಿಯ ಗುಜರಾತ್ ಘಟಕದಿಂದ ಕೊಂಡ ಕಾರುಗಳೂ ಇದೇ ಸಾಲಿನಲ್ಲಿ ಸೇರಿವೆ. ಆ ಘಟಕ ಮಾರುತಿಯ ಒಡೆತನಕ್ಕೆ ಬಂದದ್ದು 2023ರ ನವೆಂಬರ್‌ನಲ್ಲಿ. ಹಾಗಾಗಿ ಹೋಲಿಕೆಗೆ ಕ್ರೋಡೀಕೃತ (ಅಂಗಸಂಸ್ಥೆಗಳೂ ಸೇರಿದ) ಲೆಕ್ಕಪತ್ರವನ್ನೇ ಹಿಡಿಯಿರಿ. ವ್ಯವಹಾರ ಎದುರು ದಿಕ್ಕಿನಲ್ಲೂ ಇದೆ. ಬಲೆನೊ ಟೊಯೊಟಾದ ಗ್ಲ್ಯಾಂಜಾ ಆಗಿ, ಫ್ರಾಂಕ್ಸ್ ಟೈಸರ್ ಆಗಿ, ಎರ್ಟಿಗಾ ರೂಮಿಯನ್ ಆಗಿ ಹೋಗುತ್ತದೆ. ಅಲ್ಲಿ ತಯಾರಿಕೆಯ ಲಾಭ ಮಾರುತಿಗೆ, ಆದರೆ ಅವು ಹೈಬ್ರಿಡ್ ಸುದ್ದಿಗೆ ಸಂಬಂಧಿಸಿದ ಕಾರುಗಳಲ್ಲ.

ಹೈಬ್ರಿಡ್‌ನಿಂದ ಮಾರುತಿ ಷೇರಿಗೆ ಎಷ್ಟು ಬಲ ಬರಬಹುದು? ಒಂದು ಅಂದಾಜು ಮಾಡೋಣ. 2024–25ರಲ್ಲಿ ಕಂಪನಿ ಮಾರಿದ್ದು 22.34 ಲಕ್ಷ ವಾಹನ, ನಿವ್ವಳ ಲಾಭ 13,955 ಕೋಟಿ ರೂಪಾಯಿ, ಷೇರುಗಳು 31.44 ಕೋಟಿ. ಅಂದರೆ ಷೇರಿಗೆ ಸುಮಾರು 444 ರೂಪಾಯಿ ಗಳಿಕೆ. ಈಗ ವರ್ಷಕ್ಕೆ 50,000 ಹೈಬ್ರಿಡ್ ಕಾರು ಹೆಚ್ಚಿಗೆ ಮಾರಾಟವಾಗಿ, ಒಂದೊಂದರಲ್ಲೂ ತೆರಿಗೆ ಕಳೆದು 40,000 ರೂಪಾಯಿ ಉಳಿಯಿತು ಎಂದು ಉದಾರವಾಗಿಯೇ ಇಟ್ಟುಕೊಳ್ಳಿ. 200 ಕೋಟಿ ಆಯಿತು. ಷೇರಿಗೆ 6 ರೂಪಾಯಿ 36 ಪೈಸೆ, ಇದ್ದ ಗಳಿಕೆಯ ಮೇಲೆ ಶೇ 1.4. ಗಳಿಕೆಯ 25 ಪಟ್ಟು ಬೆಲೆ ಕಟ್ಟುವ ಪೇಟೆಯಲ್ಲಿ ಇದು ಷೇರಿಗೆ 159 ರೂಪಾಯಿ ಸೇರಿಸಬಹುದು. ಪೇಟೆ ಆ ಗುಣಕವನ್ನು 25ರಿಂದ 24ಕ್ಕೆ ಇಳಿಸಿದರೆ ಅದೇ ಷೇರು 444 ರೂಪಾಯಿ ಕಳೆದುಕೊಳ್ಳುತ್ತದೆ. ನನ್ನ 40,000 ಅಂದಾಜು ನಿಮಗೆ ಒಪ್ಪಿಗೆಯಿಲ್ಲದಿದ್ದರೆ 80,000 ಹಾಕಿ ನೋಡಿ. ಆಗಲೂ ಗಳಿಕೆ ಶೇ 3 ದಾಟುವುದಿಲ್ಲ. ‘ಹೈಬ್ರಿಡ್‌ಗಾಗಿ ಮಾರುತಿ ಕೊಳ್ಳಿ’ ಅನ್ನುವವರು ಈ ಗುಣಾಕಾರ ಮಾಡಿ ತೋರಿಸಿದ್ದಾರೆಯೇ ನೋಡಿ. ಮಾರುತಿ ಷೇರು ಏರಿದರೂ ಇಳಿದರೂ ಹೆಚ್ಚಿನ ಕಾರಣ ಸಣ್ಣ ಕಾರಿನ ಬೇಡಿಕೆ, ಉಕ್ಕಿನ ಬೆಲೆ, ಯೆನ್ ದರ, ತೆರಿಗೆ.

ಈ ಲೆಕ್ಕದಲ್ಲಿ ಕಾಣದ ಒಂದು ಲಾಭವಿದೆ, ಅದನ್ನೂ ಹೇಳಲೇಬೇಕು. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಗೆ ಸರ್ಕಾರ ಮಿತಿ ಹಾಕಿದೆ, ಅದೇ ಕೆಫೆ ನಿಯಮ. 2022ರ ಏಪ್ರಿಲ್‌ನಿಂದ ನಡೆಯುತ್ತಿರುವ ಎರಡನೇ ಹಂತದಲ್ಲಿ ಮಿತಿ ಕಿಲೋಮೀಟರಿಗೆ 113 ಗ್ರಾಂ ಕಾರ್ಬನ್ ಡೈ ಆಕ್ಸೈಡ್; ಇನ್ನೂ ಬಿಗಿಯಾದ ಮೂರನೇ ಹಂತ 2027ರ ಏಪ್ರಿಲ್‌ನಿಂದ ಎಂದು ನಿಗದಿಯಾಗಿದೆ. ಸರಾಸರಿ ತೆಗೆಯುವಾಗ ಒಂದು ಸ್ಟ್ರಾಂಗ್ ಹೈಬ್ರಿಡ್ (ಮೋಟರೊಂದೇ ಕಾರನ್ನು ಎಳೆಯಬಲ್ಲ) ಕಾರನ್ನು 2 ಎಂದೂ, ಎಲೆಕ್ಟ್ರಿಕ್ ಕಾರನ್ನು 3 ಎಂದೂ ಎಣಿಸುತ್ತಾರೆ. ಮಿತಿ ಮೀರಿದ ಕಂಪನಿಗೆ 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆಯಂತೆ ದಂಡ ಬೀಳುವುದು ಮಾರಿದ ಪ್ರತಿ ಕಾರಿನ ಮೇಲೆ. 100 ಕಿ.ಮೀ.ಗೆ 0.2 ಲೀಟರ್‌ವರೆಗೆ ಮೀರಿದರೆ ಕಾರಿಗೆ 25,000 ರೂಪಾಯಿ, ಅದಕ್ಕಿಂತ ಹೆಚ್ಚಾದರೆ 50,000. ಲಕ್ಷಗಟ್ಟಲೆ ದೊಡ್ಡ ಪೆಟ್ರೋಲ್ ಕಾರು ಮಾರುವ ಕಂಪನಿಗೆ ಕೆಲವು ಸಾವಿರ ಹೈಬ್ರಿಡ್ ಕಾರು ಹೀಗೆ ಛತ್ರಿ ಹಿಡಿಯುತ್ತದೆ. ಹೈಬ್ರಿಡ್‌ನಲ್ಲಿ ಹೆಚ್ಚು ಲಾಭವಿಲ್ಲದಿದ್ದರೂ ಕಂಪನಿಗಳು ಅತ್ತ ವಾಲುವುದಕ್ಕೆ ಇದು ದೊಡ್ಡ ಕಾರಣ. 2025ರ ಅಕ್ಟೋಬರ್‌ನಲ್ಲಿ ಹ್ಯುಂಡೈ ಮೋಟರ್ ಇಂಡಿಯಾ 2030ರ ಹಣಕಾಸು ವರ್ಷದೊಳಗೆ 45,000 ಕೋಟಿ ರೂಪಾಯಿ ಹೂಡಿ 26 ಕಾರು ತರುವುದಾಗಿ, ಅದರಲ್ಲಿ 8 ಹೈಬ್ರಿಡ್ ಎಂದು ಹೇಳಿದ್ದನ್ನು ಈ ಹಿನ್ನೆಲೆಯಲ್ಲಿ ಓದಿ. ಹ್ಯುಂಡೈ ಪೇಟೆಯಲ್ಲಿದೆ, 2024ರ ಅಕ್ಟೋಬರ್‌ನಲ್ಲಿ 1,960 ರೂಪಾಯಿಗೆ ಷೇರು ಕೊಟ್ಟಿತ್ತು.

ತೆರಿಗೆಯ ವಿಷಯದಲ್ಲಿ ಹೈಬ್ರಿಡ್ ಪರವಾದ ಹಳೆಯ ವಾದ ಈಗ ನಡೆಯುವುದಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ದೊಡ್ಡ ಹೈಬ್ರಿಡ್‌ಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 43 ಇತ್ತು. 4 ಮೀಟರಿಗಿಂತ ಉದ್ದದ, 1500 ಸಿಸಿಗಿಂತ ದೊಡ್ಡ ಎಂಜಿನ್ನಿನ ಎಸ್‌ಯುವಿಗೆ ಶೇ 50. ಕಾರ್ಖಾನೆಯ ಬೆಲೆ 10 ಲಕ್ಷ ಇದ್ದರೆ ಹೈಬ್ರಿಡ್‌ಗೆ 70,000 ರೂಪಾಯಿ ಅನುಕೂಲ. ಅಂದಿನಿಂದ ಎರಡಕ್ಕೂ ಶೇ 40. ಅನುಕೂಲ ಪೂರ್ತಿ ಹೋಯಿತು. ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇ 5 ಹಾಗೇ ಉಳಿದಿದೆ. ಸಣ್ಣ ಪೆಟ್ರೋಲ್ ಕಾರಿಗೆ ಶೇ 18 ಆಯಿತು. 2025ರ ಸೆಪ್ಟೆಂಬರ್‌ಗಿಂತ ಮೊದಲು ಬರೆದ ಯಾವುದೇ ಬ್ರೋಕರೇಜ್ ವರದಿಯಲ್ಲಿ ಹೈಬ್ರಿಡ್ ಬೆಲೆಯ ಅನುಕೂಲವನ್ನು ಲೆಕ್ಕ ಹಾಕಿದ್ದರೆ ಆ ಪುಟವನ್ನು ಬಿಟ್ಟುಬಿಡಿ. ನೀತಿ ಹೀಗೆ ತಿರುಗುವುದು ಮೊದಲ ಸಲವೂ ಅಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹೈಬ್ರಿಡ್ ತೆರಿಗೆ ಸುಮಾರು ಶೇ 30ರಿಂದ ಒಮ್ಮೆಲೇ 43ಕ್ಕೆ ಹಾರಿ, ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ಯಾಮ್ರಿ ಹೈಬ್ರಿಡ್ ಬೆಲೆ ಏರಿತು. ಇನ್ನೊಂದು ಕಡೆ 2024ರ ಜುಲೈನಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ಹತ್ತು ವರ್ಷದ ಕಾರ್ಖಾನೆಯನ್ನು ಎರಡು ವರ್ಷಕ್ಕೊಮ್ಮೆ ಬದಲಾಗುವ ತೆರಿಗೆಯ ಮೇಲೆ ನಿಲ್ಲಿಸಿದಾಗ ಹೂಡಿಕೆದಾರ ಕೇಳುವ ಪ್ರತಿಫಲ ಸ್ವಲ್ಪ ಹೆಚ್ಚಿರಬೇಕು.

ತೆರಿಗೆ ಬಿಟ್ಟರೆ ಗ್ರಾಹಕನನ್ನು ಎಳೆಯುವುದು ಪೆಟ್ರೋಲ್ ಉಳಿತಾಯ. ಲೀಟರಿಗೆ 102 ರೂಪಾಯಿ, ದಿನಬಳಕೆಯಲ್ಲಿ ಹೈಬ್ರಿಡ್ 22 ಕಿ.ಮೀ., ಅದೇ ಗಾತ್ರದ ಪೆಟ್ರೋಲ್ ಕಾರು 14 ಕಿ.ಮೀ. ಎಂದಿಟ್ಟರೆ ಕಿಲೋಮೀಟರಿಗೆ 4.64 ಮತ್ತು 7.29. ಉಳಿತಾಯ 2.65 ರೂಪಾಯಿ. ಹೈಬ್ರಿಡ್‌ಗೆ 2.5 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ತೀರಲು 94,000 ಕಿ.ಮೀ. ಓಡಬೇಕು. ವರ್ಷಕ್ಕೆ 15,000 ಓಡಿಸುವ ಮನೆಗೆ ಆರು ವರ್ಷ ದಾಟುತ್ತದೆ. 40,000 ಓಡಿಸುವ ಟ್ಯಾಕ್ಸಿಯವರಿಗೆ ಎರಡೂವರೆ ವರ್ಷ ಸಾಕು. ಅದೂ ಊರೊಳಗಿನ ಓಡಾಟದಲ್ಲಿ. ಹೈಬ್ರಿಡ್ ಉಳಿಸುವುದು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ಹಿಡಿದು, ನಿಧಾನದ ಓಟಕ್ಕೆ ಎಂಜಿನ್ ಆರಿಸಿ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಿ ಒಂದೇ ಸಮ 100ರಲ್ಲಿ ಹೋದರೆ ಬ್ರೇಕೇ ಇಲ್ಲ, ಎಂಜಿನ್ ಆರುವುದೂ ಅಪರೂಪ, ಹಾಗಾಗಿ ಅಂತರ ಕಿರಿದಾಗುತ್ತದೆ. ಬೇಡಿಕೆ ಬೆಂಗಳೂರು, ದೆಹಲಿ, ಕೊಚ್ಚಿಯಂಥ ಇಕ್ಕಟ್ಟಿನ ನಗರಗಳಲ್ಲಿ ಗಟ್ಟಿ, ಹೆದ್ದಾರಿ ಊರುಗಳಲ್ಲಿ ಸಡಿಲ. ಪೆಟ್ರೋಲ್ ಬೆಲೆ ಇಳಿದರೆ ಎರಡೂ ಕಡೆ ಸಡಿಲ.

ಬೇಡಿಕೆಯನ್ನು ನೀವೇ ಅಳೆಯಬಹುದು, ಯಾರ ಅಭಿಪ್ರಾಯಕ್ಕೂ ಕಾಯಬೇಕಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡ್ ಎಂಬ ನೋಂದಣಿ ಅಂಕಿಗಳ ಜಾಲತಾಣ ಎಲ್ಲರಿಗೂ ಉಚಿತ. ರಾಜ್ಯ ಕರ್ನಾಟಕ, ಆರ್‌ಟಿಒ ಮಂಡ್ಯ ಕೆಎ-11 ಅಥವಾ ಮೈಸೂರು ಪಶ್ಚಿಮ ಕೆಎ-09, ಪೂರ್ವ ಕೆಎ-55 ಆರಿಸಿ. ಅಡ್ಡಸಾಲಿಗೆ ಇಂಧನ, ಉದ್ದಸಾಲಿಗೆ ತಯಾರಕರು ಎಂದು ಕೊಡಿ. ಇಲ್ಲಿ ಒಂದು ಬಲೆ ಇದೆ. ‘ಪೆಟ್ರೋಲ್/ಹೈಬ್ರಿಡ್’ ಎಂಬ ಕಲಮಿನಲ್ಲಿ ಮೈಲ್ಡ್ ಹೈಬ್ರಿಡ್ ಕಾರುಗಳೂ ಸೇರಿರುತ್ತವೆ. ಮೈಲ್ಡ್ ಅಂದರೆ ಎಂಜಿನ್ನಿಗೆ ಒಂದಿಷ್ಟು ಕೈಯಾಸರೆ ಕೊಡುವ ಪುಟ್ಟ ಮೋಟರ್ ಅಷ್ಟೇ, ಅದು ತಾನೇ ಕಾರನ್ನು ಎಳೆಯುವುದಿಲ್ಲ. ಆ ಅಂಕಿ ಹಿಡಿದು ‘ಹೈಬ್ರಿಡ್ ಮಾರಾಟ ಮುಗಿಲುಮುಟ್ಟಿದೆ’ ಎಂದು ಬರೆದ ವಿಶ್ಲೇಷಣೆಗಳಿಗೆ ಕೊರತೆಯಿಲ್ಲ. ನೀವು ನೋಡಬೇಕಾದದ್ದು ‘ಸ್ಟ್ರಾಂಗ್ ಹೈಬ್ರಿಡ್ ಇವಿ’ ಎಂಬ ಬೇರೆ ಕಲಮನ್ನು. ಹಾಗೆಯೇ ಕಂಪನಿಗಳು ಪ್ರತಿ ತಿಂಗಳ 1ನೇ ತಾರೀಕು ಹೇಳುವ ಮಾರಾಟ ಡೀಲರ್‌ಗೆ ಕಳಿಸಿದ ಕಾರು, ಗ್ರಾಹಕ ಮನೆಗೆ ಒಯ್ದದ್ದಲ್ಲ. ದಸರಾ, ದೀಪಾವಳಿಗೆ ಮೊದಲು ಡೀಲರ್ ಅಂಗಳ ತುಂಬಿಸಿ ದೊಡ್ಡ ಅಂಕಿ ತೋರಿಸುವುದು ವಾಡಿಕೆ. ಮೂರು ತಿಂಗಳ ನೋಂದಣಿಯನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿ.

‘ಎಲೆಕ್ಟ್ರಿಕ್ ಬಂದರೆ ಗುಜರಿ’ ಅನ್ನುವವರ ಮಾತಿಗೆ ಬರುತ್ತೇನೆ. ಅವರ ಭಯ ಪೊಳ್ಳಲ್ಲ, ಆದರೆ ಅಳತೆ ತಪ್ಪಿದೆ. ಬಿಡದಿಯ ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ 0.76 ಯೂನಿಟ್ ಗಾತ್ರದ್ದು. 45 ಯೂನಿಟ್ಟಿನ ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಇಂಥವು 59 ಮಾಡಬಹುದು. ಲಿಥಿಯಂ ಬೆಲೆ ಏರಿದಾಗ ಹೈಬ್ರಿಡ್ ಮಾಡುವವರಿಗೆ ನೋವು ಕಡಿಮೆ. ಬಾಡಿ, ಬಣ್ಣ, ಜೋಡಣೆಯ ಯಂತ್ರಗಳು ಯಾವ ಕಾರಿಗಾದರೂ ಆಗುತ್ತವೆ. ನಿಜವಾಗಿ ಗುಜರಿಗೆ ಹೋಗುವ ಅಪಾಯ ಇರುವುದು ಎಂಜಿನ್ ಮತ್ತು ಗೇರ್ ತಯಾರಿಕೆಯ ಸಾಲುಗಳಿಗೆ. ಮೊದಲ ಪ್ರಿಯಸ್ 1997ರ ಡಿಸೆಂಬರ್‌ನಲ್ಲಿ ಬಂದದ್ದು. ಅಂದಿನಿಂದ ಹಾಕಿದ ಸಂಶೋಧನೆಯ ದುಡ್ಡನ್ನು ಟೊಯೊಟಾ ಬಹುಪಾಲು ವಾಪಸ್ ಗಳಿಸಿ ಮುಗಿಸಿದೆ ಎಂಬುದೇ ಅದರ ಬಲ. ಹೊಸದಾಗಿ ಹೈಬ್ರಿಡ್‌ಗೆ ಇಳಿಯುವ ಕಂಪನಿಗೆ ಆ ಬಲ ಇಲ್ಲ. ಅದು ಇಂದು ದುಡ್ಡು ಹಾಕಿ, ಎಲೆಕ್ಟ್ರಿಕ್ ಪೂರ್ತಿ ಬರುವ ಮೊದಲೇ ಅದನ್ನು ವಾಪಸ್ ಪಡೆಯಬೇಕು. ಆದ್ದರಿಂದ ‘ಹೈಬ್ರಿಡ್ ಒಳ್ಳೆಯದೇ’ ಎಂಬ ಒಂದೇ ಉತ್ತರ ಎಲ್ಲ ಕಂಪನಿಗೂ ಹೊಂದುವುದಿಲ್ಲ.

ಟೊಯೊಟಾದ ಷೇರುದಾರರ ಮನಸ್ಸು ಎಷ್ಟು ಬೇಗ ತಿರುಗಿತು ನೋಡಿ. 2023ರ ಜೂನ್ ಸಭೆಯಲ್ಲಿ ಡೆನ್ಮಾರ್ಕ್, ನಾರ್ವೆ, ನೆದರ್ಲೆಂಡ್ಸ್‌ನ ಮೂರು ಹೂಡಿಕೆ ಸಂಸ್ಥೆಗಳು ಕಂಪನಿಯ ಹವಾಮಾನ ನಿಲುವನ್ನು ಪ್ರಶ್ನಿಸಿ ನಿರ್ಣಯ ತಂದಿದ್ದವು, ಅದು ಸೋತಿತು. ಅಧ್ಯಕ್ಷ ಅಕಿಯೊ ಟೊಯೊಡಾ ಅವರಿಗೆ 2024ರಲ್ಲಿ ಸಿಕ್ಕ ಬೆಂಬಲ ಸುಮಾರು ಶೇ 72ಕ್ಕೆ ಕುಸಿದಿತ್ತು, 2025ರಲ್ಲಿ 96 ದಾಟಿತು. 2024ರ ಕುಸಿತಕ್ಕೆ ವಾಹನ ಪ್ರಮಾಣೀಕರಣದ ಅಕ್ರಮಗಳು ಮುಖ್ಯ ಕಾರಣ, ಹೈಬ್ರಿಡ್ ಅಲ್ಲ. ಮತದ ಅಂಕಿ ಒಂದನ್ನೇ ಹಿಡಿದು ‘ಹೂಡಿಕೆದಾರರು ಹೈಬ್ರಿಡ್ ಒಪ್ಪಿದರು, ಬಿಟ್ಟರು’ ಎಂದು ಅರ್ಥ ಮಾಡಬೇಡಿ.

ಮೈಸೂರಿನ ಕಂಪನಿಗಳ ಹೆಸರೂ ಈ ಸುದ್ದಿಯ ಜೊತೆ ತೇಲಿಬರುತ್ತವೆ. ಹೂಟಗಳ್ಳಿಯ ಆಟೊಮೋಟಿವ್ ಆ್ಯಕ್ಸಲ್ಸ್ ಪೇಟೆಯಲ್ಲಿರುವ ಕಂಪನಿ, ಆದರೆ ಅದು ಮಾಡುವುದು ಲಾರಿ-ಬಸ್ಸಿನ ಆ್ಯಕ್ಸಲ್. ಜೆಕೆ ಟೈರ್‌ಗೆ ಮೈಸೂರಿನಲ್ಲಿ ಹಳೆಯ ವಿಕ್ರಾಂತ್ ಘಟಕವಿದೆ, ಟೈರಿಗೆ ಕಾರು ಹೈಬ್ರಿಡ್ಡೋ ಡೀಸೆಲ್ಲೋ ಎಂಬ ಭೇದವಿಲ್ಲ. ನಂಜನಗೂಡು ರಸ್ತೆಯ ಟಿವಿಎಸ್ ಘಟಕ ದ್ವಿಚಕ್ರಕ್ಕೆ. ಇವು ಕೆಟ್ಟ ಕಂಪನಿಗಳು ಎಂದಲ್ಲ, ಹೈಬ್ರಿಡ್ ಸುದ್ದಿಗೆ ಇವನ್ನು ಕೊಳ್ಳಲು ಕಾರಣವಿಲ್ಲ. ಮೋಟರು, ಗೇರು, ವೈರಿಂಗ್ ಮಾಡುವ ಬಿಡಿಭಾಗದ ಕಂಪನಿ ನೋಡುವುದಾದರೆ ಮೂರು ಅಂಕಿ ಸಾಕು: ಮೊದಲ ಐದು ಗ್ರಾಹಕರಿಂದ ಬರುವ ಆದಾಯದ ಪಾಲು, ಅದರಲ್ಲಿ ಹೈಬ್ರಿಡ್ ಭಾಗದ ಪಾಲು, ಕಟ್ಟಡ-ಯಂತ್ರಕ್ಕೆ ಸುರಿದು ಇನ್ನೂ ಉತ್ಪಾದನೆಗೆ ಬಾರದ ಬಂಡವಾಳ. ಒಬ್ಬನೇ ಗ್ರಾಹಕ ಅರ್ಧಕ್ಕಿಂತ ಹೆಚ್ಚಿದ್ದರೆ ಬೆಲೆ ನಿರ್ಧರಿಸುವವನು ಆ ಗ್ರಾಹಕ. ಈ ಮಾಹಿತಿ ವಾರ್ಷಿಕ ವರದಿಯಲ್ಲೂ ತ್ರೈಮಾಸಿಕ ಸಭೆಯ ಮಾತುಕತೆಯ ಬರಹರೂಪದಲ್ಲೂ ಇರುತ್ತದೆ, ಷೇರು ವಿನಿಮಯ ಕೇಂದ್ರದ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಕಾರು ಷೇರಿನಲ್ಲಿ ಬೆಲೆ-ಗಳಿಕೆ ಅನುಪಾತ (ಷೇರಿನ ಬೆಲೆ ಗಳಿಕೆಯ ಎಷ್ಟು ಪಟ್ಟು ಎಂಬುದು) ಹೊಸಬರಿಗೆ ಉಲ್ಟಾ ದಾರಿ ತೋರಿಸುತ್ತದೆ. ವ್ಯಾಪಾರ ಶಿಖರದಲ್ಲಿದ್ದಾಗ ಗಳಿಕೆ ಉಬ್ಬಿರುತ್ತದೆ, ಷೇರು ಅಗ್ಗವಾಗಿ ಕಾಣುತ್ತದೆ. ಮುಂದಿನ ವರ್ಷ ಗಳಿಕೆ ಬಿದ್ದಾಗ ಅದು ಅಗ್ಗವಾಗಿರಲಿಲ್ಲ ಎಂದು ಗೊತ್ತಾಗುತ್ತದೆ. ಐದಾರು ವರ್ಷದ ಸರಾಸರಿ ಗಳಿಕೆಗೆ ಬೆಲೆಯನ್ನು ಹೋಲಿಸಿ.

ನಿಮ್ಮ 3 ಲಕ್ಷಕ್ಕೆ ನನ್ನ ಸಲಹೆ ನೇರವಾದದ್ದು. ಹೈಬ್ರಿಡ್ ಸುದ್ದಿಗಾಗಿ ಪೂರ್ತಿ ಹಣವನ್ನು ಯಾವ ಒಂದು ಷೇರಿಗೂ ಹಾಕಬೇಡಿ. ನಿವೃತ್ತಿಯ ಹಣದಲ್ಲಿ 2 ಲಕ್ಷವನ್ನು ನಿಫ್ಟಿ 50 ಸೂಚ್ಯಂಕ ನಿಧಿಗೆ (50 ದೊಡ್ಡ ಕಂಪನಿಗಳ ಷೇರಿಗೆ ಹಣ ಹಂಚುವ ಮ್ಯೂಚುವಲ್ ಫಂಡ್) ಹಾಕಿ. ಮಾರುತಿ ಅದರಲ್ಲಿ ಹೇಗೂ ಇದೆ. ಉಳಿದ 1 ಲಕ್ಷವನ್ನು ಕಾರು ವಲಯಕ್ಕೆ ಇಡುವ ಮನಸ್ಸಿದ್ದರೆ 25,000ದಂತೆ ನಾಲ್ಕು ಕಂತು ಮಾಡಿ, ಪ್ರತಿ ತ್ರೈಮಾಸಿಕ ಫಲಿತಾಂಶ ಬಂದು ಒಂದು ವಾರದ ಮೇಲೆ ಕೊಳ್ಳಿ. ಮಾರುತಿ ಷೇರು ಐದಂಕಿ ಬೆಲೆಯದು, 25,000ಕ್ಕೆ ಒಂದೆರಡು ಷೇರಷ್ಟೇ ಬರುತ್ತದೆ. ಅದರ ಬದಲು ನಿಫ್ಟಿ ಆಟೊ ಸೂಚ್ಯಂಕದ ಇಟಿಎಫ್ (ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ನಿಧಿ) ತೆಗೆದುಕೊಂಡರೆ ಕಾರು, ದ್ವಿಚಕ್ರ, ಬಿಡಿಭಾಗ ಎಲ್ಲ ಸೇರಿದ 15 ಕಂಪನಿಗಳಿಗೆ ಹಣ ಹಂಚಿಹೋಗುತ್ತದೆ. ಪ್ರತಿ ಕಂತಿಗೆ ಮುಂಚೆ ಎರಡು ವಿಷಯ ನೋಡಿ: ಸ್ಟ್ರಾಂಗ್ ಹೈಬ್ರಿಡ್ ನೋಂದಣಿ ಹಿಂದಿನ ವರ್ಷಕ್ಕಿಂತ ಏರಿದೆಯೇ, ಕಂಪನಿಯ ಕಾರ್ಯಾಚರಣೆ ಲಾಭದ ಶೇಕಡಾವಾರು ಕುಸಿದಿಲ್ಲವೇ. ಮಾರಾಟ ಏರಿ ಲಾಭದ ಶೇಕಡಾವಾರು ಎರಡು ತ್ರೈಮಾಸಿಕ ಸತತವಾಗಿ ಇಳಿದರೆ ರಿಯಾಯಿತಿ ಕೊಟ್ಟು ಕಾರು ತಳ್ಳುತ್ತಿದ್ದಾರೆ ಎಂದರ್ಥ, ಆಗ ಉಳಿದ ಕಂತು ನಿಲ್ಲಿಸಿ. ಸಲಹೆ ಕೊಡುವವರ ಸೆಬಿ (ಷೇರುಪೇಟೆಯ ನಿಯಂತ್ರಕ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಿ ಸೆಬಿ ತಾಣದಲ್ಲಿ ತಾಳೆ ನೋಡಿ. ಸಂಖ್ಯೆ ಕೊಡದವರಿಂದ ಷೇರಿನ ಹೆಸರು ಕೇಳಿಸಿಕೊಳ್ಳಬೇಡಿ. ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆ. ವರ್ಷ ದಾಟಿದರೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ, ಅದರ ಮೇಲೆ ಶೇ 12.5.

ಮಗನ ಮಾತು ಸರಿ. ಟೊಯೊಟಾ ನ್ಯೂಯಾರ್ಕ್ ಪೇಟೆಯಲ್ಲಿ ಠೇವಣಿ ರಸೀದಿಯಾಗಿ ಸಿಗುತ್ತದೆ, ಒಂದು ರಸೀದಿಗೆ ಜಪಾನಿನ 10 ಷೇರು. ಆದರೆ ಆ ಷೇರಿನ ಗತಿ ಬಿಡದಿಯಲ್ಲಿ ತೀರ್ಮಾನವಾಗುವುದಿಲ್ಲ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಕಂಪನಿಯ ಕಾರ್ಯಾಚರಣೆ ಲಾಭ ಸುಮಾರು 4.8 ಲಕ್ಷ ಕೋಟಿ ಯೆನ್. ಮರುವರ್ಷ ಅಮೆರಿಕದ ಸುಂಕದಿಂದಲೇ 1.45 ಲಕ್ಷ ಕೋಟಿ ಯೆನ್ ಹೊಡೆತ ಎಂದು ಕಂಪನಿ ಅಂದಾಜಿಸಿದೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಐದು ಘಟಕಗಳ ಹೈಬ್ರಿಡ್ ವಿಸ್ತರಣೆಗೆ ಘೋಷಿಸಿದ್ದು 91.2 ಕೋಟಿ ಡಾಲರ್. ನೀವು ಓದಿದ ಸುದ್ದಿ ಇದೇ ಇರಬೇಕು. ಸುಂಕದ ಅಂಕಿಯ ಪಕ್ಕದಲ್ಲಿಟ್ಟರೆ ಅದು ಚಿಕ್ಕದು. ಲಾಭವೂ ರೂಪಾಯಿ, ಡಾಲರ್, ಯೆನ್ ಮೂರರ ದರದ ಮೇಲೆ ತೂಗುತ್ತದೆ.

ಕೊಳ್ಳಲೇಬೇಕೆಂದರೆ ಕ್ರಮ ಹೀಗೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹೂಡಿಕೆಗೆ 10 ಲಕ್ಷ ರೂಪಾಯಿ ದಾಟಿದರೆ ಮಾತ್ರ ಶೇ 20 ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ), ನಿಮ್ಮ ಮೊತ್ತಕ್ಕೆ ಅದಿಲ್ಲ. ಬ್ಯಾಂಕಿನ ರವಾನೆ ಶುಲ್ಕ ಮತ್ತು ಡಾಲರ್ ಮಾರುವ ದರದ ಅಂತರವನ್ನು ಮೊದಲೇ ಕೇಳಿ, ಸಣ್ಣ ಮೊತ್ತ ಪದೇ ಪದೇ ಕಳಿಸಿದರೆ ಅದೇ ಒಂದಂಶ ತಿಂದುಹಾಕುತ್ತದೆ. ದೀರ್ಘಾವಧಿ ಎನ್ನಿಸಿಕೊಳ್ಳಲು 24 ತಿಂಗಳು ಇಟ್ಟುಕೊಳ್ಳಬೇಕು, ಆಮೇಲೆ ಶೇ 12.5, ಇಲ್ಲಿ 1.25 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಲಾಭಾಂಶದಲ್ಲಿ ಜಪಾನ್ ಮೊದಲೇ ತೆರಿಗೆ ಹಿಡಿಯುತ್ತದೆ, ಅದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ವಿದೇಶಿ ತೆರಿಗೆ ಕ್ರೆಡಿಟ್‌ನ ನಮೂನೆ ಸಲ್ಲಿಸಬೇಕು. ಪಿಂಚಣಿದಾರರು ಸಾಮಾನ್ಯವಾಗಿ ತುಂಬುವ ಐಟಿಆರ್-1 ನಡೆಯುವುದಿಲ್ಲ. ಐಟಿಆರ್-2ರಲ್ಲಿ ಷೆಡ್ಯೂಲ್ ಎಫ್ಎ (ವಿದೇಶಿ ಆಸ್ತಿಯ ಪಟ್ಟಿ) ತುಂಬಬೇಕು. ಅಲ್ಲಿ ಕೇಳುವುದು ಏಪ್ರಿಲ್–ಮಾರ್ಚ್ ಲೆಕ್ಕವಲ್ಲ, ಜನವರಿಯಿಂದ ಡಿಸೆಂಬರ್‌ವರೆಗಿನದು. ಷೇರು ಯಾರ ಹೆಸರಿನಲ್ಲಿದೆಯೋ ಅವರೇ ತುಂಬಬೇಕು. ಹಣ ನಿಮ್ಮದಾಗಿ ಖಾತೆ ಮಗನದಾದರೆ ಘೋಷಣೆ ಮಗನ ರಿಟರ್ನ್‌ನಲ್ಲಿ ಬರಬೇಕು, ನೀವು ಕೊಟ್ಟ ಹಣಕ್ಕೆ ಒಂದು ಉಡುಗೊರೆ ಪತ್ರವನ್ನೂ ಬರೆದಿಟ್ಟುಕೊಳ್ಳಿ.